ಟೀಟರ್ ಮನೆಯ ರೀಸ್ಲಿಂಗ್

ಆರ್ಡಿತ್ ಟೀಟರ್ ಮೂಗಿನ ಬಗ್ಗೆ ಸೆನೆಕಾ ಸರೋವರದ ಪೂರ್ವ ದಂಡೆಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ಆರ್ಡಿತ್‌ಗಂತೂ ಮೊದಲೇ ಇರಲಿಲ್ಲ. ಅವಳು ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಒಂದು ಸಲ ಉಸಿರೆಳೆದು ಕೆಳಗಿಟ್ಟಳೆಂದರೆ ಆ ವೈನಿನ ಜಾತಕ ಮುಗಿಯಿತು. ದ್ರಾಕ್ಷಿಯನ್ನು ಒಂದು ವಾರ ಮೊದಲೇ ಕಿತ್ತಿದ್ದಾರೆ, ಹುದುಗು ಬರುವಾಗ ಟ್ಯಾಂಕು ಬಿಸಿಯಾಗಿದೆ, ಮೆದುಗೊಳವೆ ತೊಳೆದಿಲ್ಲ. ಹೀಗೆ ಒಂದೊಂದಾಗಿ ಹೇಳುತ್ತಿದ್ದಳು. ಕೇಳಿಸಿಕೊಂಡವನು ಮುಖ ಗಂಟಿಕ್ಕಿಕೊಂಡು ಮನೆಗೆ ಹೋಗಿ ನೋಡಿದರೆ ಮೆದುಗೊಳವೆ ನಿಜಕ್ಕೂ ತೊಳೆದಿರುತ್ತಿರಲಿಲ್ಲ.

ಪ್ರತಿ ಗುರುವಾರ ಬರುವ ನಮ್ಮ ವಾರಪತ್ರಿಕೆಯಲ್ಲಿ, ತೀರಿಕೊಂಡವರ ಸುದ್ದಿಗೂ ಹಳೇ ಟ್ರ್ಯಾಕ್ಟರ್ ಮಾರಾಟದ ಜಾಹೀರಾತಿಗೂ ನಡುವೆ ಅವಳ ಅಂಕಣ ಬರುತ್ತಿತ್ತು. ದಂಡೆಯ ವೈನು, ಸೇಬಿನ ಸೈಡರು, ಯಾರೋ ಹಿತ್ತಲಲ್ಲಿ ಬಟ್ಟಿ ಇಳಿಸಿದ ಬ್ರಾಂಡಿ, ಎಲ್ಲವನ್ನೂ ಕುಡಿದು ಬರೆಯುತ್ತಿದ್ದಳು. ಕುಡಿದು ಅಂದರೆ, ಬಾಯಲ್ಲಿ ಆಡಿಸಿ ಉಗುಳಿ. ಲೂಥರನ್ ಚರ್ಚಿನ ಪಾದ್ರಿ ತಾವೇ ಮಾಡಿದ ಕಪ್ಪು ಬಿಯರನ್ನು ಹೆಮ್ಮೆಯಿಂದ ಕಳಿಸಿಕೊಟ್ಟಾಗ, "ಇದು ಪಾದ್ರಿಗಳ ಉಪದೇಶದ ಹಾಗೇ ಇದೆ: ಶುರು ಚೆನ್ನಾಗಿದೆ, ಮುಗಿಯುವುದೇ ಇಲ್ಲ" ಎಂದು ಬರೆದಳು. ಪಾದ್ರಿ ಅದನ್ನು ಕತ್ತರಿಸಿ ತಮ್ಮ ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡರಂತೆ. ದೊಡ್ಡ ಊರಿನ ಪತ್ರಿಕೆಗಳಲ್ಲಿ ಬರೆಯುವವರ ಹೂವು, ರೇಷ್ಮೆ, ಸಂಗೀತದ ಮಾತುಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹಸಿ ಸೇಬಿನ ಸಿಪ್ಪೆ, ಮಳೆ ಬಿದ್ದ ಕಲ್ಲು, ಒಣಹುಲ್ಲು, ರಬ್ಬರ್ ಬೂಟಿನ ಒಳಗು. ಅವಳ ಪದಕೋಶ ಇಷ್ಟೇ, ಮತ್ತು ಅದು ಎಲ್ಲರಿಗೂ ಅರ್ಥವಾಗುತ್ತಿತ್ತು.

ಒಂದೇ ಒಂದು ನಿಯಮ ಇಟ್ಟುಕೊಂಡಿದ್ದಳು. ಗಂಡ ಲೈಲ್ ಮಾಡುವ ವೈನಿನ ಬಗ್ಗೆ ಅಂಕಣದಲ್ಲಿ ಒಂದಕ್ಷರ ಬರೆಯುತ್ತಿರಲಿಲ್ಲ. "ಹೊಗಳಿದ್ರೆ ನೀವು ನಂಬಲ್ಲ, ಬೈದ್ರೆ ಅವನು ಮಾತಾಡ್ಸಲ್ಲ. ನಂಗ್ಯಾಕೆ ಬೇಕು?" ಎನ್ನುತ್ತಿದ್ದಳು. ಆದರೆ ಮನೆಯಲ್ಲಿ ಅವಳು ರುಚಿ ನೋಡಿ ತಲೆಯಾಡಿಸದೆ ಲೈಲ್ ಒಂದು ಬಾಟಲಿಯನ್ನೂ ಮುಚ್ಚುತ್ತಿರಲಿಲ್ಲ.

ಆ ಮೂಗು ಪಳಗಿದ್ದು ವೈನಿನಲ್ಲಲ್ಲ, ಹಾಲಿನಲ್ಲಿ. ಆರ್ಡಿತ್ ಹುಟ್ಟಿದ್ದು ಹಸು ಸಾಕುವವರ ಮನೆಯಲ್ಲಿ. ವಸಂತದಲ್ಲಿ ಹಸುಗಳು ಹುಲ್ಲುಗಾವಲಿನ ಕಾಡುಬೆಳ್ಳುಳ್ಳಿ ತಿಂದುಬಿಟ್ಟರೆ ಹಾಲಿಗೆ ಆ ವಾಸನೆ ಇಳಿಯುತ್ತದೆ, ಹಾಲಿನ ಲಾರಿಯವನು ಮೂಗು ಮುರಿದು ಇಡೀ ಟ್ಯಾಂಕನ್ನು ಬಿಟ್ಟು ಹೋಗುತ್ತಾನೆ. ಅದಕ್ಕೇ ಅವಳಪ್ಪ ಅವನಿಗಿಂತ ಮೊದಲು ಮಗಳ ಕೈಲಿ ಒಂದೊಂದು ಕ್ಯಾನನ್ನೂ ಮೂಸಿಸುತ್ತಿದ್ದ. ಸ್ಕೂಲಿಗೆ ಹೋಗುವ ಹುಡುಗಿ ಇದು ಬೆಳ್ಳುಳ್ಳಿ, ಇದು ಹುಳಿಯುತ್ತಿದೆ, ಇದು ಕಾಯಿಲೆ ಹಸುವಿನದು ಎಂದು ಬೇರೆ ಮಾಡಿ ನಿಲ್ಲಿಸುತ್ತಿದ್ದಳು. ಹಾಲಿನ ಮನೆಯಲ್ಲಿ ಕಲಿತ ಇನ್ನೊಂದು ವಿದ್ಯೆ ತೊಳೆಯುವುದು. ಕ್ಯಾನು, ಕೊಳವೆ, ನೆಲ, ಗೋಡೆ, ಎಲ್ಲವನ್ನೂ ಬ್ಲೀಚ್ ಹಾಕಿ ಉಜ್ಜಿ ಉಜ್ಜಿ ತೊಳೆಯಬೇಕು. ಹಾಗೆ ಬೆಳೆದವಳಿಗೆ ಬ್ಲೀಚಿನ ಘಾಟು ಇಲ್ಲದ ಜಾಗ ಸ್ವಚ್ಛ ಅನ್ನಿಸುವುದೇ ಇಲ್ಲ.

ಮದುವೆಯಾದ ಮೇಲೂ ಹಸುಗಳೇ ಇದ್ದವು. ಜೊತೆಗೆ ಲೈಲನ ಅಪ್ಪ ನೆಟ್ಟ ಕಾಂಕರ್ಡ್ ದ್ರಾಕ್ಷಿ. ಅದನ್ನು ಜ್ಯೂಸ್ ಕಂಪನಿಯೊಂದು ಕೊಳ್ಳುತ್ತಿತ್ತು, ಒಂದು ವರ್ಷ ಏಕಾಏಕಿ ಬೇಡ ಎಂದಿತು. ಅಷ್ಟರಲ್ಲಿ ಸರ್ಕಾರ ಕಾನೂನು ಬದಲಿಸಿ, ರೈತರು ತಮ್ಮ ತೋಟದ ವೈನನ್ನು ತಾವೇ ಮಾಡಿ ಮಾರಬಹುದು ಎಂದಿತ್ತು. ಲೈಲ್ ಹಸುಗಳನ್ನು ಮಾರಿದ, ಕಾಂಕರ್ಡ್ ಕಿತ್ತ, ಸರೋವರದ ಕಡೆಗೆ ಇಳಿಜಾರಾಗಿರುವ ಹೊಲದಲ್ಲಿ ರೀಸ್ಲಿಂಗ್ ಎಂಬ ಬಿಳಿ ವೈನಿನ ದ್ರಾಕ್ಷಿ ನೆಟ್ಟ. ಕೊಟ್ಟಿಗೆಯ ಕೆಳಗಿನ ಕಲ್ಲುಕಟ್ಟಡದ ನೆಲಮಾಳಿಗೆಯೇ ವೈನಿನ ಮನೆಯಾಯಿತು. ದಪ್ಪ ದಪ್ಪ ಮರದ ತೊಲೆಗಳು, ಮರದ ಮೆಟ್ಟಿಲು, ತಣ್ಣನೆ ಗೋಡೆ. ಪ್ರತಿ ವಸಂತದಲ್ಲಿ ಆರ್ಡಿತ್ ಸ್ಕಾರ್ಫು ಕಟ್ಟಿ, ಬಕೆಟ್ಟಿನಲ್ಲಿ ಬ್ಲೀಚ್ ಕಲಸಿ, ಆ ತೊಲೆಗಳನ್ನು ತುದಿಯಿಂದ ತುದಿಗೆ ಉಜ್ಜುತ್ತಿದ್ದಳು. ಕೂತ ಬೂಷ್ಟೆಲ್ಲ ಬಿಳಿಚಿಕೊಂಡು ಉದುರುತ್ತಿತ್ತು. ದಂಡೆಯಲ್ಲಿ ಟೀಟರ್ ಮನೆಯಷ್ಟು ಚೊಕ್ಕವಾದ ನೆಲಮಾಳಿಗೆ ಇನ್ನೊಂದಿಲ್ಲ ಎಂದು ನೋಡಿದವರೆಲ್ಲ ಹೇಳುತ್ತಿದ್ದರು.

ಮಾರ್ಚ್ ತಿಂಗಳಲ್ಲಿ, ವೈನು ಇನ್ನೂ ಟ್ಯಾಂಕಿನಲ್ಲೇ ಇರುವಾಗ, ದಂಡೆಯ ತೋಟದವರೆಲ್ಲ ಅಗ್ನಿಶಾಮಕ ದಳದ ಕಟ್ಟಡದಲ್ಲಿ ಸೇರುವುದು ವಾಡಿಕೆ. ಕೆಂಪು ಲಾರಿಯನ್ನು ಹೊರಗೆ ಹಿಮದಲ್ಲಿ ನಿಲ್ಲಿಸಿ ಒಳಗೆ ಉದ್ದನೆಯ ಮೇಜು ಹಾಕುತ್ತಾರೆ. ಪ್ರತಿ ಮನೆಯಿಂದ ಒಂದೊಂದು ಬಾಟಲಿ ಬರುತ್ತದೆ. ಬಾಗಿಲಲ್ಲೇ ಅದಕ್ಕೆ ದಿನಸಿ ಅಂಗಡಿಯ ಕಂದು ಕಾಗದದ ಚೀಲ ತೊಡಿಸಿ, ಕುತ್ತಿಗೆಗೆ ದಾರ ಕಟ್ಟಿ, ನಂಬರು ಬರೆಯುತ್ತಾರೆ. ಯಾವುದು ಯಾರದು ಅಂತ ಯಾರಿಗೂ ಗೊತ್ತಿರಬಾರದು. ತನ್ನದೇ ವೈನನ್ನು ಗುರುತು ಹಿಡಿಯದೆ ವಾಚಾಮಗೋಚರ ಬೈದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ನಗುವುದಕ್ಕೇ ಅರ್ಧ ಜನ ಬರುವುದು. ಉಗುಳಲು ಖಾಲಿ ಕಾಫಿ ಡಬ್ಬಗಳು, ನಾಲಿಗೆ ತೊಳೆಯಲು ಉಪ್ಪಿಲ್ಲದ ಬಿಸ್ಕತ್ತು. ಸೆಂಟು ಹಾಕಿಕೊಂಡು ಬಂದವರನ್ನು ಮುಲಾಜಿಲ್ಲದೆ ಹೊರಗೆ ಕಳಿಸುತ್ತಾರೆ.

ಮಾತಾಡುವುದಕ್ಕೂ ಒಂದು ಸರದಿ ಉಂಟು. ಕಸುಬಿಗೆ ಹೊಸಬರು ಮೊದಲು, ಹಳಬರು ಕೊನೆಗೆ. ಹಳಬರು ಮೊದಲೇ ಬಾಯಿ ಬಿಟ್ಟರೆ ಹೊಸಬರು ಹೌದು ಹೌದು ಎಂದುಬಿಡುತ್ತಾರಲ್ಲ, ಅದಕ್ಕೆ. ಆ ಸರದಿಯಲ್ಲಿ ಆರ್ಡಿತ್ ಯಾವಾಗಲೂ ಕೊನೆ. ಅವಳ ಮಾತು ಬಂದ ಮೇಲೆ ಬೇರೆ ಮಾತಿಲ್ಲ.

ತೊಂಬತ್ತೇಳರ ಮಾರ್ಚಿನಲ್ಲೂ ಹಾಗೇ ಸೇರಿದ್ದರು. ಹಿಂದಿನ ಬೇಸಿಗೆ ತಂಪಾಗಿ, ಕೊಯ್ಲು ನಿಧಾನವಾಗಿ ಆಗಿತ್ತು, ಈ ದ್ರಾಕ್ಷಿಗೆ ಬೇಕಾದದ್ದೂ ಅದೇ. ತೋಟ ಹಾಕಿದ ಮೇಲೆ ಇಷ್ಟು ಒಳ್ಳೆಯ ರೀಸ್ಲಿಂಗ್ ಕೈಗೆ ಬಂದಿಲ್ಲ ಎಂದು ಲೈಲ್ ನಂಬಿದ್ದ. ಅವನು ಹೆಚ್ಚು ಮಾತಿನವನಲ್ಲ. ಆದರೆ ಆ ಚಳಿಗಾಲವೆಲ್ಲ ಸಿಳ್ಳೆ ಹಾಕಿಕೊಂಡು ನೆಲಮಾಳಿಗೆಗೆ ಇಳಿಯುತ್ತಿದ್ದ.

ನಾಲ್ಕನೆಯ ಚೀಲದ ವೈನು ಗ್ಲಾಸುಗಳಿಗೆ ಬಿತ್ತು. ಮೊದಲು ಮಾತಾಡಬೇಕಾದವಳು ಟೆಸ್ಸಾ ಲಿಂಡ್‌ಕ್ವಿಸ್ಟ್, ಎರಡು ವರ್ಷದ ಹಿಂದೆ ತೋಟ ಕೊಂಡ ಹುಡುಗಿ. ಅವಳು ಮೂಸಿದಳು, ಇನ್ನೊಮ್ಮೆ ಮೂಸಿದಳು, ಹುಬ್ಬು ಗಂಟಿಕ್ಕಿದಳು. ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಆ ತುದಿಯಿಂದ ಆರ್ಡಿತ್ ದನಿ ಬಂತು. ಅಷ್ಟು ವರ್ಷದಲ್ಲಿ ಅವಳು ಸರದಿ ಮುರಿದದ್ದು ಅದೇ ಮೊದಲು.

"ಇದು ಕಣ್ರೀ ವೈನು ಅಂದ್ರೆ! ನನ್ನ ಸರದಿವರೆಗೂ ತಡ್ಕೊಳ್ಳೋಕೆ ಆಗ್ತಿಲ್ಲ. ಮೂಸಿ ನೋಡಿ, ಒಂದು ಕೊಳಕಿಲ್ಲ, ಒಂದು ಅಡ್ಡವಾಸ್ನೆ ಇಲ್ಲ. ಎಷ್ಟು ನೆಮ್ಮದಿಯಾಗಿದೆ!"

ನೆಮ್ಮದಿ ಎಂಬ ಪದವನ್ನು ಅವಳು ಅದುವರೆಗೆ ಯಾವ ವೈನಿಗೂ ಬಳಸಿರಲಿಲ್ಲ. ಆ ಗ್ಲಾಸಿಗೆ ಮೂಗಿಟ್ಟಾಗ ಮನಸ್ಸಿಗೆ ಹಾಯೆನಿಸಿದ್ದು ನಿಜ, ಯಾಕೆಂದು ಅವಳು ಕೇಳಿಕೊಳ್ಳಲಿಲ್ಲ.

ಟೆಸ್ಸಾ ತೆರೆದ ಬಾಯಿ ಮುಚ್ಚಿದಳು. "ನಂಗೂ... ಚೆನ್ನಾಗಿದೆ ಅನ್ಸುತ್ತೆ," ಎಂದಳು. ಅವಳ ಪಕ್ಕದವನೂ ಚೆನ್ನಾಗಿದೆ ಎಂದ, ಗ್ಲಾಸನ್ನು ಮಾತ್ರ ಕೈಯಳತೆಯ ದೂರಕ್ಕೆ ಸರಿಸಿದ. ಹೀಗೆ ನಾಲ್ಕಾರು ಜನ ತಲೆಯಾಡಿಸಿದ ಮೇಲೆ ಸರದಿ ಕಾರ್ಮೈನ್ ಸ್ಕಾರ್ಫೋನ ಹತ್ತಿರ ಬಂತು.

ಕಾರ್ಮೈನ್ ಟೀಟರ್ ಮನೆಯ ಪಕ್ಕದ ತೋಟದವನು, ಕೆಂಪು ದ್ರಾಕ್ಷಿ ಬೆಳೆಯುವವನು, ಗಂಟಲು ದೊಡ್ಡದು. ಅವನಿಗೂ ಆರ್ಡಿತ್‌ಗೂ ಹಳೆಯ ಲೆಕ್ಕ ಒಂದಿತ್ತು. ಒಂದು ವರ್ಷ ಅವನ ಕೆಂಪು ವೈನಿನಲ್ಲಿ ನೆನೆದ ರಟ್ಟಿನ ವಾಸನೆ ಹಿಡಿದು ಅವಳು ಅಂಕಣದಲ್ಲಿ ಬರೆದಿದ್ದಳು. ನೆನೆದ ರಟ್ಟು ಅಂದರೆ ನಮ್ಮ ಕಸುಬಿನಲ್ಲಿ ಸಾವಿನ ಸುದ್ದಿ. ಬಿರಡೆಯಿಂದಲೋ ಮರದಿಂದಲೋ ಒಂದು ಬಗೆಯ ಬೂಷ್ಟು ವೈನಿಗೆ ಇಳಿದು ಹಣ್ಣಿನ ರುಚಿಯನ್ನೆಲ್ಲ ನುಂಗಿಹಾಕುತ್ತದೆ, ಅದಕ್ಕೆ ಮದ್ದಿಲ್ಲ. ಕಾರ್ಮೈನ್ ಒಂದು ವರ್ಷ ಅವಳ ಕಡೆ ತಿರುಗಿ ನೋಡಿರಲಿಲ್ಲ. ಆಮೇಲೆ ತಪ್ಪು ಬಿರಡೆಯದೇ ಎಂದು ಗೊತ್ತಾಗಿ, ಒಂದು ಬುಟ್ಟಿ ಟೊಮೇಟೊ ಹಿಡಿದು ಅವಳ ಬಾಗಿಲಿಗೆ ಬಂದಿದ್ದ.

ಅವನು ಗ್ಲಾಸು ಮೂಸಿ, ಕೆಳಗಿಟ್ಟು, ಮೀಸೆ ಒರೆಸಿಕೊಂಡ.

"ನಂಗೆ ಸುಳ್ಳು ಹೇಳ್ಬೇಕು ಅನ್ಸಿದ್ರೆ ಚರ್ಚಿಗೆ ಹೋಗ್ತೀನಿ, ಇಲ್ಲಿಗೆ ಬರಲ್ಲ," ಎಂದ. "ಆರ್ಡಿತ್, ಮೂಗು ಮನೇಲಿ ಬಿಟ್ಟು ಬಂದ್ಯಾ ಹೆಂಗೆ? ಇದು ರಟ್ಟು ಕಣೇ. ನೆನೆದ ರಟ್ಟು. ನಂದ್ರಲ್ಲಿ ನೀನೇ ಹಿಡಿದಿದ್ಯಲ್ಲ, ಅದೇ. ಅದ್ರ ಅಪ್ಪ."

"ನಿನ್ನ ಮೀಸೆ ವಾಸ್ನೆ ಇರ್ಬೇಕು, ಸರಿಯಾಗಿ ನೋಡ್ಕೋ," ಎಂದಳು ಆರ್ಡಿತ್.

ಬೇರೆ ದಿನವಾದರೆ ಎಲ್ಲರೂ ನಗುತ್ತಿದ್ದರು. ಆವತ್ತು ಯಾರೂ ನಗಲಿಲ್ಲ. ಟೆಸ್ಸಾ ಮೆಲ್ಲಗೆ ಕೈ ಎತ್ತಿದಳು. "ಮಿಸೆಸ್ ಟೀಟರ್, ಬೇಜಾರು ಮಾಡ್ಕೋಬೇಡಿ. ನಂಗೂ ಹಂಗೇ ಅನ್ಸಿತ್ತು. ನೀವು ಮಾತಾಡಿದ್ರಲ್ಲ, ಅದಕ್ಕೇ..." ಅಷ್ಟಕ್ಕೆ ನಿಲ್ಲಿಸಿದಳು. ಉಳಿದವರು ತಮ್ಮ ತಮ್ಮ ಬಿಸ್ಕತ್ತು ನೋಡುತ್ತ ಕೂತರು. ಅವರ ಮೌನ ಎಂಥದ್ದೆಂದು ಆರ್ಡಿತ್‌ಗೆ ಅರ್ಥವಾಯಿತು. ಅವರೆಲ್ಲರಿಗೂ ಬಂದ ವಾಸನೆ ತನ್ನೊಬ್ಬಳಿಗೇ ಬಂದಿಲ್ಲ.

ಚೀಲ ಬಿಚ್ಚಿದರು. ಬಾಟಲಿ ನೋಡುವ ಮೊದಲೇ ಲೈಲ್ ಎದ್ದು ನಿಂತಿದ್ದ. "ನಮ್ದು," ಎಂದ, ಕೂತ.

ಇಬ್ಬರೂ ಪಿಕಪ್ ಗಾಡಿ ಹತ್ತಿ ಮನೆಗೆ ಹೊರಟರು. ತಮ್ಮ ಓಣಿಗೆ ತಿರುಗುವ ಕಡೆ ಲೈಲ್ ಗಾಡಿ ನಿಲ್ಲಿಸಿದ.

"ನಂಗೇನೂ ರಟ್ಟು ಗಿಟ್ಟು ಬರ್ಲಿಲ್ಲ. ನಿಂಗೆ?"

"ಬರ್ಲಿಲ್ಲ."

"ಹಂಗಾದ್ರೆ ಏಪ್ರಿಲ್ ಕೊನೆಗೆ ಬಾಟ್ಲಿಗೆ ತುಂಬ್ತೀನಿ. ಇಲ್ನೋಡು ಆರ್ಡಿತ್, ಕಾರ್ಮೈನ್ ಹೇಳ್ದ ಅಂತ ನನ್ನ ವರ್ಷದ ವೈನನ್ನ ನಾನು ಚೆಲ್ಲಲ್ಲ. ಇಡೀ ಊರೇ ಹೇಳಿದ್ರೂ ಚೆಲ್ಲಲ್ಲ. ನೀನು ಹೇಳಿದ್ರೆ ಚೆಲ್ತೀನಿ. ಅಲ್ಲಿಗೆ ಮುಗೀತು."

ಬೈದಿದ್ದರೂ ಅವಳಿಗೆ ಅಷ್ಟು ಭಾರವಾಗುತ್ತಿರಲಿಲ್ಲ. ತುಂಬು ಎಂದರೆ, ಸತ್ತ ವೈನು ತಮ್ಮ ಹೆಸರು ಹೊತ್ತು ಜನರ ಮೇಜಿಗೆ ಹೋಗಬಹುದು. ಚೆಲ್ಲು ಎಂದರೆ, ಲೈಲನ ಕೈಯಲ್ಲಿ ಬಂದ ಅತ್ಯುತ್ತಮ ಸುಗ್ಗಿ ಚರಂಡಿಗೆ ಹೋಗುತ್ತದೆ. ಹೇಳಬೇಕಾದವಳು ತಾನು, ತನಗೋ ಏನೂ ಗೊತ್ತಾಗುತ್ತಿಲ್ಲ.

ಮರುದಿನದಿಂದ ಅವಳು ಆ ವೈನಿನ ಬೆನ್ನು ಬಿದ್ದಳು. ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಮೂಸಿದಳು, ಬಿಸಿ ಮಾಡಿ ಮೂಸಿದಳು, ತಣ್ಣಗೆ ಮಾಡಿ ಮೂಸಿದಳು. ಟೆಸ್ಸಾಳ ರೀಸ್ಲಿಂಗ್ ತರಿಸಿ ಪಕ್ಕದಲ್ಲಿಟ್ಟು ಮೂಸಿದಳು. ಟೆಸ್ಸಾಳದರಲ್ಲಿ, ವೈನು ಕೆಡದಿರಲಿ ಎಂದು ಹಾಕುವ ಗಂಧಕ ಸ್ವಲ್ಪ ಜಾಸ್ತಿಯಾಗಿರುವುದು ಒಂದೇ ಉಸಿರಿಗೆ ಸಿಕ್ಕಿತು. ಮೂಗು ಕೆಟ್ಟಿಲ್ಲ ಅಂದಂತಾಯಿತು. ಮನೆಯದಕ್ಕೆ ಬಂದರೆ ಮಾತ್ರ ಅದೇ ನೆಮ್ಮದಿ. ಅವಳಿಗೆ ರೇಗಿತು. ಬೇರೆಯವರ ನೆಲಮಾಳಿಗೆಗೆ ಹೋಗಿ, "ನಿಮ್ಮ ಮೂಗು ನಿಮ್ಮ ಗೋಡೆಗೆ ಒಗ್ಗಿಹೋಗಿದೆ, ಅದಕ್ಕೇ ನಿಮಗೆ ಗೊತ್ತಾಗ್ತಿಲ್ಲ" ಎಂದು ಎಷ್ಟು ಜನಕ್ಕೆ ಪಾಠ ಹೇಳಿದ್ದಳೋ! ಆ ಮಾತು ತನಗೂ ಹತ್ತಬಹುದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕಾರ್ಮೈನ್ ಭಾನುವಾರ ಚರ್ಚು ಮುಗಿಸಿಕೊಂಡು ಬಂದ. ಅವನ ಹೆಂಡತಿ ಮಾಡಿದ ದ್ರಾಕ್ಷಿ ಕಡುಬು ಕೈಲಿತ್ತು. ಲೈಲ್ ಅವನನ್ನು ನೋಡಿ ತೋಟದ ಕಡೆ ಹೊರಟುಹೋದ. ಆರ್ಡಿತ್ ಕುರ್ಚಿ ಎಳೆದು ಕೂರಿಸಿದಳು.

"ಬೈಯೋಕೆ ಬಂದಿಲ್ಲ ಮಾರಾಯ್ತಿ," ಎಂದ ಕಾರ್ಮೈನ್. "ಒಂದು ಮಾತು ಹೇಳೋಣ ಅಂತ. ನಮ್ಮ ಚಿಕ್ಕಪ್ಪ ಒಬ್ಬ ಮೀನಿನ ಅಂಗಡಿ ಇಟ್ಟಿದ್ದ. ಕಾಲು ಮುರ್ಕೊಂಡು ಒಂದು ತಿಂಗಳು ಆಸ್ಪತ್ರೇಲಿದ್ದ. ವಾಪಸ್ ಬಂದು ಅಂಗಡಿ ಬಾಗಿಲು ತೆಗೆದ ನೋಡು, ಅಲ್ಲೇ ವಾಂತಿ. ಮೂವತ್ತು ವರ್ಷ ಅದ್ರೊಳಗೇ ಊಟ ಮಾಡಿದ್ನಪ್ಪ ಆಸಾಮಿ!"

"ನಮ್ಮನೆ ಮೀನಂಗಡಿ ಅಂತೀಯ?"

"ನಾನೆಲ್ಲಿ ಅಂದೆ? ನೀನೇ ಅಂದ್ಕೊಂಡೆ. ಎರಡು ವಾರ ಎಲ್ಲಾದ್ರೂ ಹೋಗಿ ಬಾ ಅಂತೀನಿ, ಅಷ್ಟೇ. ವೈನು ಮುಟ್ಬೇಡ. ಆಮೇಲೆ ಬಂದು ಮೂಸು. ಆಗ್ಲೂ ಚೆನ್ನಾಗಿದೆ ಅಂದ್ರೆ, ನಾನು ಆ ಕಟ್ಟಡದಲ್ಲಿ ಎಲ್ಲರ ಮುಂದೆ ನಿಂತು ನನ್ನ ಮೂಗೇ ಕೊಳೆತಿದೆ ಅಂತ ಒಪ್ಕೋತೀನಿ."

ಆರ್ಡಿತ್ ಹೋದದ್ದು ರೋಚೆಸ್ಟರ್ ನಗರದಲ್ಲಿರುವ ಅಕ್ಕ ಫೇ ಮನೆಗೆ. ಫೇ ಕ್ಯಾಮೆರಾ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದವಳು, ಒಂಟಿ, ತಂಗಿಯ ಅಂಕಣವನ್ನು ಒಮ್ಮೆಯೂ ಪೂರ್ತಿ ಓದಿದವಳಲ್ಲ. ದಿನಾ ಸಂಜೆ ಬಿಳಿ ಸಾಸೇಜು ಹುರಿದು, ಡಬ್ಬದ ಬಿಯರು ಒಡೆದು, ಟಿವಿ ಮುಂದೆ ಕೂರುವುದು ಅವಳ ಸುಖ.

"ಇದನ್ನ ಹೆಂಗೆ ಕುಡೀತೀಯೇ?" ಎಂದು ಆರ್ಡಿತ್ ಮೊದಲ ದಿನವೇ ಶುರು ಮಾಡಿದಳು. "ತಗಡಿನ ವಾಸ್ನೆ, ಬೆಂದ ಜೋಳದ ವಾಸ್ನೆ, ಹಿಂದ್ಗಡೆ ಏನೂ ಇಲ್ಲ."

"ಬಿಯರಿಗೆ ಹಿಂದ್ಗಡೆ ಯಾಕೆ ಬೇಕೇ? ಮುಂದ್ಗಡೆ ತಣ್ಣಗಿದ್ರೆ ಆಯ್ತು. ಬಾಯಿ ಮುಚ್ಕೊಂಡು ಕುಡಿ. ಅಯ್ಯೋ, ಮರೆತೆ, ನೀನು ಉಗಿಯೋಳು. ಉಗಿಯೋದಾದ್ರೆ ಸಿಂಕಿಗೆ ಹೋಗು, ನನ್ನ ಕಾರ್ಪೆಟ್ ಮೇಲೆ ಬೇಡ."

ದಿನಗಳು ಹೀಗೇ ಕಳೆದವು. ಮೊದಲ ವಾರ ಬೆಚ್ಚಗಿತ್ತು, ಆರ್ಡಿತ್ ಅಕ್ಕನ ತೆಳು ಶರ್ಟುಗಳನ್ನೇ ಹಾಕಿಕೊಂಡು ಓಡಾಡಿದಳು. ಎರಡನೆಯ ವಾರದ ನಡುವೆ, ಏಪ್ರಿಲಿನಲ್ಲಿ ಬರಬಾರದ ಹಿಮ ಬಂತು. ಆರ್ಡಿತ್ ಅಲಮಾರಿಯಿಂದ ತನ್ನ ಪೆಟ್ಟಿಗೆ ಎಳೆದು, ಅಡಿಯಲ್ಲಿದ್ದ ದಪ್ಪ ಉಣ್ಣೆಯ ಸ್ವೆಟರ್ ತೆಗೆದು ತಲೆಯ ಮೇಲಿಂದ ಇಳಿಸಿಕೊಂಡಳು. ಅರ್ಧಕ್ಕೆ ನಿಂತಳು. ತಲೆ ಇನ್ನೂ ಸ್ವೆಟರಿನ ಒಳಗೇ ಇತ್ತು.

ನೆನೆದ ರಟ್ಟು.

ಸ್ವೆಟರ್ ಕಿತ್ತು ಕೈಲಿ ಹಿಡಿದು ಹೊರಗೆ ಬಂದಳು. "ಫೇ, ನಿನ್ನ ಅಲಮಾರಿ ಒಳಗೆ ನೀರು ಸೋರ್ತಿದೆ. ಎಲ್ಲಾ ಬೂಷ್ಟು ಹಿಡಿದಿದೆ ನೋಡು, ನನ್ನ ಬಟ್ಟೆಗೆಲ್ಲಾ ಹತ್ತಿದೆ."

ಫೇ ಬಂದು ಸ್ವೆಟರ್ ಮೂಸಿ ನೋಡಿದಳು. "ನನ್ನ ಅಲಮಾರಿ ಸರಿಯಾಗೇ ಇದೆ. ಇದು ನಿನ್ನ ವಾಸ್ನೆ ಕಣೇ."

"ನನ್ನ ವಾಸ್ನೆ?"

"ನಿಮ್ಮನೆ ವಾಸ್ನೆ. ನೀವಿಬ್ರೂ ಕ್ರಿಸ್ಮಸ್ಸಿಗೆ ಬರ್ತೀರಲ್ಲ, ಕೋಟು ತೆಗೆದು ಹಾಕಿದ ತಕ್ಷಣ ಬರುತ್ತೆ. ಮೂರು ನಾಲ್ಕು ವರ್ಷದಿಂದ ಇದೆ."

"ಮೂರು ನಾಲ್ಕು ವರ್ಷ! ಮತ್ಯಾಕೆ ಹೇಳ್ಲಿಲ್ಲ ನೀನು?"

"ಮನೆ ಅಂದ್ಮೇಲೆ ಒಂದು ವಾಸ್ನೆ ಇರುತ್ತಪ್ಪ," ಎಂದಳು ಫೇ. "ಅದನ್ನೆಲ್ಲ ಯಾರಾದ್ರೂ ಹೇಳ್ತಾರಾ?"

ಆರ್ಡಿತ್ ಅಲ್ಲೇ ಕೂತು ಅತ್ತಳು. ನಾಚಿಕೆಗೆ ಅತ್ತಳು, ಸಿಟ್ಟಿಗೆ ಅತ್ತಳು, ಎಲ್ಲಕ್ಕಿಂತ ಹೆಚ್ಚಾಗಿ ಲೈಲನಿಗಾಗಿ ಅತ್ತಳು. ಅಕ್ಕ ಏನೊಂದೂ ಅರ್ಥವಾಗದೆ ಒಂದು ಡಬ್ಬ ಬಿಯರು ತಂದು ಮುಂದಿಟ್ಟಳು. ಆರ್ಡಿತ್ ಅದನ್ನು ಉಗುಳದೆ ಕುಡಿದಳು.

ಅತ್ತು ಮುಗಿದ ಮೇಲೆ ಕಸುಬಿನ ಬುದ್ಧಿ ಮೇಲೆದ್ದಿತು. ಈ ಮೂಗು ಹೊರಗಿದ್ದು ಶುದ್ಧವಾಗಿದೆ. ಮನೆ ಸೇರಿ ಒಂದು ರಾತ್ರಿ ಮಲಗಿದರೆ ಮತ್ತೆ ಒಗ್ಗಿಹೋಗುತ್ತದೆ. ನೋಡುವುದೇನಿದ್ದರೂ ಹೋದ ಕೂಡಲೇ ನೋಡಬೇಕು. ಮಾರನೆಯ ಬೆಳಗ್ಗೆ ಅಕ್ಕನ ಬಟ್ಟೆಯಲ್ಲೇ ಬಸ್ಸು ಹತ್ತಿದಳು. ತನ್ನ ಪೆಟ್ಟಿಗೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಸ್ಸಿನ ಹೊಟ್ಟೆಗೆ ಹಾಕಿಸಿದಳು. ನಿಲ್ದಾಣಕ್ಕೆ ಲೈಲ್ ಪಿಕಪ್ ತಂದರೆ ಅದರೊಳಗೆ ಕೂರಲು ಒಪ್ಪಲಿಲ್ಲ, ಹಿಂದಿನ ತೆರೆದ ತೊಟ್ಟಿಯಲ್ಲಿ, ಗಾಳಿಗೆ ಮುಖ ಕೊಟ್ಟು ಕೂತಳು. ಅರವತ್ತು ದಾಟಿದ ಹೆಂಗಸು ಹಾಗೆ ಕೂತು ಹೋಗುವುದನ್ನು ದಾರಿಯಲ್ಲಿದ್ದವರೆಲ್ಲ ನಿಂತು ನೋಡಿದರು. ಮನೆಯ ಮುಂದೆ ಇಳಿದವಳೇ ಮೂಗು ಹಿಡಿದುಕೊಂಡು ಕೊಟ್ಟಿಗೆಯ ಕೆಳಗೆ ಇಳಿದಳು, ನಡುಮಧ್ಯೆ ನಿಂತು ಕೈ ಬಿಟ್ಟಳು.

ನೆಲಮಾಳಿಗೆ ತುಂಬ ಅದೇ. ಟ್ಯಾಂಕಿನಿಂದ ಒಂದು ಗ್ಲಾಸು ಹಿಡಿದು ಮೂಸಿದಳು: ಅದೇ. ರೀಸ್ಲಿಂಗ್ ಎಲ್ಲೋ ದೂರದಲ್ಲಿ, ಗೋಡೆಯಾಚೆ ಯಾರೋ ಮಾತಾಡಿದಂತೆ, ಇದ್ದೂ ಇಲ್ಲದಂತಿತ್ತು. ಕಾರ್ಮೈನ್ ಹೇಳಿದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ.

ಸುಮ್ಮನೆ ನಿಲ್ಲಲು ಪುರುಸೊತ್ತಿರಲಿಲ್ಲ. ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಕಲ್ಲಿನ ಗೋಡೆ ಮೂಸಿದಳು, ಅಷ್ಟಿಲ್ಲ. ನೆಲ, ಅಷ್ಟಿಲ್ಲ. ಸ್ಟೂಲು ಹತ್ತಿ ತೊಲೆಗೆ ಮೂಗಿಟ್ಟಳು. ಉಸಿರು ಕಟ್ಟಿತು. ಬೆಳ್ಳಗೆ ಚೊಕ್ಕವಾಗಿ ಹೊಳೆಯುವ ತೊಲೆಗಳು! ಎಲ್ಲಿ ಹೆಚ್ಚು ಉಜ್ಜಿದ್ದಳೋ ಅಲ್ಲಿ ಹೆಚ್ಚು ನಾರುತ್ತಿತ್ತು. ಮೇಲೆ ಬಂದು, ಜಿಲ್ಲೆಯ ದ್ರಾಕ್ಷಿ ಸಲಹಾಧಿಕಾರಿಗೆ ಫೋನ್ ಮಾಡಿದಳು. ಅವನು ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದ: "ಮರಕ್ಕೆ ಬ್ಲೀಚ್ ಏನಾದ್ರೂ ಹಾಕ್ತೀರಾ?"

ಫೋನ್ ಇಟ್ಟಾಗ ಲೈಲ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ಸತ್ತಿದೆ ಲೈಲ್," ಎಂದಳು. "ಪೂರ್ತಿ ಸತ್ತಿದೆ. ನಾನೇ ಕೊಂದಿದ್ದು. ಮರದ ಬೂಷ್ಟಿಗೆ ಬ್ಲೀಚ್ ಸೇರಿದ್ರೆ ಈ ವಾಸ್ನೆ ಹುಟ್ಟುತ್ತಂತೆ. ವರ್ಷಾ ವರ್ಷಾ ನನ್ನ ಕೈಯಾರೆ ಸಾಕಿದೀನಿ. ಹಾಲಿನ ಮನೇಲಿ ಹಿಂಗೇ ತೊಳೀತಿದ್ವಿ. ಇಲ್ಲೂ ಹಂಗೇ ತೊಳ್ದೆ."

ಲೈಲ್ ಕುರ್ಚಿ ಎಳೆದು ಕೂತ. ಆಮೇಲೆ ಅವನಿಗೆ ಸಿಟ್ಟು ಬಂತು. ಅವನಿಗೆ ಸಿಟ್ಟು ಬರುವುದು ಅಪರೂಪ, ಬಂದಾಗ ದನಿ ಇನ್ನಷ್ಟು ಕೆಳಗಿಳಿಯುತ್ತದೆ.

"ಮಾರ್ಚಲ್ಲಿ ಇದೇ ಮೂಗು ಇಡೀ ಊರಿನ ಮುಂದೆ ಇದು ಕಣ್ರೀ ವೈನು ಅಂತು. ಏಪ್ರಿಲ್ಲಲ್ಲಿ ಸತ್ತಿದೆ ಅನ್ನುತ್ತೆ. ಯಾವುದನ್ನ ನಂಬ್ಲಿ ನಾನು?"

"ಇದನ್ನ."

"ಯಾಕೆ?"

"ಮಾರ್ಚಲ್ಲಿ ನಾನು ಇದರೊಳಗೆ ಇದ್ದೆ. ಇವತ್ತು ಹೊರಗಿಂದ ಬಂದಿದೀನಿ. ನಾಳೆ ಕೇಳ್ಬೇಡ, ನಾಳೆ ಹೊತ್ತಿಗೆ ಮತ್ತೆ ಕುರುಡಾಗಿರುತ್ತೆ ನನ್ನ ಮೂಗು. ಇವತ್ತು ಕೇಳಿದ್ರೆ ಇವತ್ತಿನ ಮಾತಿಗೆ ನಾನು ಜವಾಬ್ದಾರಿ. ಇನ್ನೊಂದು ವಿಷ್ಯ: ಈ ವಾರ ಇದನ್ನ ಬರೀತೀನಿ."

"ನನ್ನ ವೈನು ಬರೆಯಲ್ಲ ಅಂತ ನಿಯಮ ಇತ್ತಲ್ಲ."

"ನಿಯಮ ಮಾಡಿದ್ದೂ ನಾನೇ. ನಮ್ಮ ಬಾಟ್ಲಿ ಕೊಂಡೋರು ಇದಾರೆ ಲೈಲ್, ಎರಡು ಮೂರು ವರ್ಷದಿಂದ. ಆಗ ವಾಸ್ನೆ ಇಷ್ಟು ಜೋರಾಗಿರ್ಲಿಲ್ಲ, ಆದ್ರೂ ಇದ್ದೇ ಇರ್ಬೇಕು. ಕುಡಿದು, ಏನೋ ಸರಿಯಿಲ್ಲ ಅನ್ನಿಸಿದ್ರೂ, ಆರ್ಡಿತ್ ಟೀಟರ್ ಮನೇದಲ್ವಾ, ತಪ್ಪು ನಮ್ಮದೇ ಇರ್ಬೇಕು ಅಂತ ಸುಮ್ನಾಗಿರೋರು. ಟೆಸ್ಸಾ ಸುಮ್ನಾಗಿರ್ಲಿಲ್ವಾ?"

ಅವಳು ಅಡುಗೆಮನೆಯ ಮೇಜಿಗೇ ಕೂತು ಬರೆದಳು. ಯಾವ ಪಾದ್ರಿಗೂ ಯಾವ ಕಾರ್ಮೈನಿಗೂ ತೋರದ ದಾಕ್ಷಿಣ್ಯವನ್ನು ತನಗೂ ತೋರಲಿಲ್ಲ. ಬರೆದದ್ದನ್ನು ಲೈಲನಿಗೆ ಗಟ್ಟಿಯಾಗಿ ಓದಿ ಹೇಳಿದಳು:

"ಟೀಟರ್ ಮನೆಯ ರೀಸ್ಲಿಂಗ್, ಕಳೆದ ಸುಗ್ಗಿಯದು. ನೆನೆದ ರಟ್ಟು. ಹಣ್ಣು ಉಸಿರಾಡುತ್ತಿಲ್ಲ. ದ್ರಾಕ್ಷಿಯದು ತಪ್ಪಿಲ್ಲ, ಬೆಳೆದವನದು ತಪ್ಪಿಲ್ಲ, ತೊಳೆದವಳದು ತಪ್ಪು. ಮಾರ್ಚ್ ತಿಂಗಳಲ್ಲಿ ಇದನ್ನು ಹೊಗಳಿದ ಮೂಗೂ ಇದೇ. ಇನ್ನು ಮುಂದೆ ಈ ಅಂಕಣ ಬರೆಯುವವಳು ಸರದಿ ಮುರಿದು ಮಾತಾಡಿದರೆ ಅವಳ ಗ್ಲಾಸು ಕಿತ್ತುಕೊಳ್ಳಿ. ಹಳೆಯ ಬಾಟಲಿ ಇದ್ದವರು ವಾಪಸ್ ತನ್ನಿ. ಈ ವೈನನ್ನು ಕುಡಿಯಬೇಡಿ."

ಲೈಲ್ ಕೇಳಿಸಿಕೊಂಡ. ಕಿಟಕಿಯಾಚೆ ತೋಟ ನೋಡಿದ. ಬಳ್ಳಿಗಳು ಇನ್ನೂ ಚಿಗುರಿರಲಿಲ್ಲ. ಆಮೇಲೆ ಎದ್ದು ಕೊಟ್ಟಿಗೆಯ ಕಡೆ ನಡೆದ. ಅವಳು ಅವನ ಹಿಂದೆ ಹೋದಳು.

ಕೆಳಗೆ ಅವನು ಟ್ಯಾಂಕಿನ ಮುಂದೆ ಮಂಡಿಯೂರಿ ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದ. ತೆಳು ಹಸಿರು ಬಣ್ಣದ ವೈನು ಸಣ್ಣ ಧಾರೆಯಾಗಿ ನೆಲದ ಕಾಲುವೆಗೆ ಬಿತ್ತು. ಧಾರೆಗೆ ಗ್ಲಾಸು ಹಿಡಿದು ಮೂಸಿದ, ಬಾಯಿಗೆ ಹಾಕಿಕೊಂಡ, ನಿಧಾನವಾಗಿ ಆಡಿಸಿ ನುಂಗಿದ. ಅವನ ಕಣ್ಣು ತುಂಬಿಕೊಂಡಿತ್ತು.

"ನಂಗೆ ಈಗ್ಲೂ ಇದಕ್ಕಿಂತ ಒಳ್ಳೇದನ್ನ ನಾವು ಮಾಡಿಲ್ಲ ಅನ್ಸುತ್ತೆ ಕಣೇ," ಎಂದ.

ಹಾಗೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿದ.